ಮಗಳ ಲೈಸೆನ್ಸ್ ಬಗ್ಗೆ ಕೇಳಿದ್ದಿರಲ್ಲ

ಮೈಸೂರಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಇನ್ನೂ ಸಾಮಾನು ಬಿಚ್ಚಿಟ್ಟು ಮುಗಿದಿಲ್ಲ, ಆಗಲೇ ಮಗಳು ಡ್ರೈವಿಂಗ್ ಲೈಸೆನ್ಸ್ ಬೇಕು ಅಂತ ಹಟ ಹಿಡಿದಿದ್ದಾಳೆ ಅಂತ ಬರೆದಿದ್ದೀರಿ. “ಅಕ್ಕಾ, ಅವಳಿಗೆ ಈಗ 15 ಮುಗಿದು ಏಳು ತಿಂಗಳು. ಕೆಲಸದ ವೀಸಾದವರ ಮನೆಯವರಿಗೆ ಕೊಡೋ ಎಚ್-4 ವೀಸಾ ಮೇಲಿರೋರಿಗೆ ಕೊಡ್ತಾರಾ? 18 ಆಗೋವರೆಗೆ ಕಾಯೋದೇ ಒಳ್ಳೇದಾ?”

ಕೊಡ್ತಾರೆ. ಪಾಸ್‌ಪೋರ್ಟು, ಐ-94 (ಈ ದೇಶಕ್ಕೆ ಬಂದಾಗ ಎಲ್ಲಿವರೆಗೆ ಇರಬಹುದು ಅಂತ ಕೊಡೋ ದಾಖಲೆ), ವಿಳಾಸದ ಪುರಾವೆ ತಗೊಂಡು ಹೋಗಿ. ಐ-94ರ ಅವಧಿ ಮುಗಿದಾಗ ಲೈಸೆನ್ಸೂ ಮುಗಿಯುತ್ತೆ, ಎಕ್ಸ್‌ಟೆನ್ಷನ್ ಬಂದ ತಕ್ಷಣ ಇದನ್ನೂ ಮಾಡಿಸಿ.

ಕಾಯಬೇಡಿ. ನಮ್ಮ ಭಾರತದಲ್ಲಿ 2019ರಿಂದ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಅಪ್ಪ ಅಮ್ಮನಿಗೇ 25,000 ರೂಪಾಯಿ ದಂಡ, ಹಾಗಾಗಿ ನಿಮಗೆ ಅಳುಕು ಸಹಜ. ಆದರೆ ನಾನು ಇದೇ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಊರಿಗೆ ಬಂದ ಹೊಸತನ್ನ ನೆನೆಸಿಕೊಳ್ತೀನಿ. ದಾವಣಗೆರೆಯ ಪಿ.ಬಿ. ರೋಡಲ್ಲಿ ಲಾರಿಗಳ ನಡುವೆ ಕೈನೆಟಿಕ್ ಹೋಂಡಾ ಓಡಿಸಿದವಳು, ಇಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಯಜಮಾನರ ರಜಾ ದಿನಕ್ಕೆ ಕಾಯಬೇಕಿತ್ತು. ಆ ಪರಾಧೀನತೆ ನಿಮ್ಮ ಮಗಳಿಗೆ ಬೇಡ.

ಕ್ಯಾಲಿಫೋರ್ನಿಯಾದಲ್ಲಿ ಹದಿನೈದೂವರೆ ವರ್ಷಕ್ಕೆ ಪರ್ಮಿಟ್, ಅಂದ್ರೆ ಕಲಿಯೋರ ಲೈಸೆನ್ಸ್. ಮೊದಲು ಡ್ರೈವರ್ ಎಜುಕೇಷನ್ ಕ್ಲಾಸು, ಆನ್‌ಲೈನಲ್ಲೂ ನಡೆಯುತ್ತೆ. ಆಮೇಲೆ ಡಿಎಂವಿಯಲ್ಲಿ, ಅಂದ್ರೆ ಇಲ್ಲಿನ ಆರ್‌ಟಿಒದಲ್ಲಿ, 46 ಪ್ರಶ್ನೆ, 38 ಸರಿಯಾಗಬೇಕು. ಪರ್ಮಿಟ್ ಬಂತು ಅಂತ ಕೀ ಕೊಟ್ಟುಬಿಡಬೇಡಿ; ಡ್ರೈವಿಂಗ್ ಸ್ಕೂಲಿನವರು ಮೊದಲ ಪಾಠ ಮಾಡಿ ಸಹಿ ಹಾಕೋವರೆಗೆ ಅದು ಬರೀ ಕಾಗದ. ಅವರ ಜೊತೆ 6 ಗಂಟೆ, ಮನೆಯವರ ಜೊತೆ 50 ಗಂಟೆ, ಅದರಲ್ಲಿ 10 ರಾತ್ರಿ ಹೊತ್ತು. ಪಕ್ಕ ಕೂರೋರಿಗೆ 25 ಆಗಿರಬೇಕು, ಕ್ಯಾಲಿಫೋರ್ನಿಯಾ ಲೈಸೆನ್ಸೇ ಇರಬೇಕು. ಅಂದ್ರೆ ಮೊದಲು ನಿಮ್ಮದೋ ಯಜಮಾನರದೋ ಆಗಲಿ. 50 ಗಂಟೆ ಆಯ್ತು ಅಂತ ಸಹಿ ಹಾಕೋರು ನೀವೇ, ಆ ಲೆಕ್ಕ ದಯವಿಟ್ಟು ಸುಳ್ಳುಸುಳ್ಳೇ ಹೊಂದಿಸಬೇಡಿ. ಪರ್ಮಿಟ್ಟಿಗೆ ಆರು ತಿಂಗಳೂ ಅವಳಿಗೆ 16ವರ್ಷವೂ ತುಂಬಿದ ಮೇಲೆ ಟೆಸ್ಟು. ನಮ್ಮ ಆರ್‌ಟಿಒ ಥರ 8 ಹಾಕಿಸಲ್ಲ, ನೇರ ರಸ್ತೆಗೇ ಇಳಿಸ್ತಾರೆ.

ಇಷ್ಟೆಲ್ಲ ನಿಮಗೆ ಯಾರು ಬೇಕಾದ್ರೂ ಹೇಳ್ತಾರೆ. ನಾನು ಹೇಳಬೇಕಾಗಿದ್ದು ಲೈಸೆನ್ಸ್ ಬಂದ ಮೊದಲ ವರ್ಷದ ವಿಷಯ. 12 ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬಳೇ ಓಡಿಸಬಾರದು. 20ಕ್ಕಿಂತ ಚಿಕ್ಕವರನ್ನ ಕೂರಿಸಿಕೊಳ್ಳೋ ಹಾಗೂ ಇಲ್ಲ, ಪಕ್ಕದಲ್ಲಿ ನೀವೋ 25 ದಾಟಿದ ಲೈಸೆನ್ಸ್ ಇರೋರೋ ಇದ್ದರೆ ಮಾತ್ರ ಸರಿ.

ನಮ್ಮ ಮಗನಿಗೆ ಲೈಸೆನ್ಸ್ ಬಂದಾಗ ಎದುರು ಮನೆಯಾಕೆ ಕೇಳಿದರು: “ಹೇಗೂ ಅವನು ದಿನಾ ಅದೇ ಸ್ಕೂಲಿಗೆ ಹೋಗ್ತಾನಲ್ಲ, ನಮ್ಮವಳೂ ಕೂತ್ಕೋತಾಳೆ.” ನನಗೆ ಬೆನ್ನು ಹಿಡಿದು ಮಲಗಿದ್ದಾಗ ಸಾರು ಪಲ್ಯ ತಂದಿಟ್ಟು ಹೋಗ್ತಿದ್ದ ಹೆಂಗಸು ಅವರು. ನಮ್ಮೂರಲ್ಲಾದರೆ ಇದನ್ನ ಕೇಳೋದೂ ಇಲ್ಲ, ಮಗು ಬ್ಯಾಗ್ ಹಾಕ್ಕೊಂಡು ಬಂದು ಹತ್ತುತ್ತೆ. ನಾನು ಆಗಲ್ಲ ಅಂದೆ. ಡಿಎಂವಿ ಪುಸ್ತಕ ತೆಗೆದು ಆ ಪುಟ ತೋರಿಸಿದೆ, ಆಕೆ ಅದರ ಕಡೆ ನೋಡಲೂ ಇಲ್ಲ. “ಬೆಳಿಗ್ಗೆ ಏಳೂವರೆಗೆ ಯಾವ ಪೊಲೀಸ್ರು ಬರ್ತಾರ್ರೀ?” ಅಂದರು, ಅಷ್ಟೇ. ಆಮೇಲೆ ಡಬ್ಬಿ ಬರಲಿಲ್ಲ. ಯುಗಾದಿಗೆ ಕನ್ನಡ ಕೂಟದಲ್ಲಿ ಸಿಕ್ಕರೆ ಬೇವು ಬೆಲ್ಲ ಕೊಟ್ಟು ಆಚೆ ಹೋಗ್ತಿದ್ದರು. ಈಗ ಅವರು ಟೆಕ್ಸಾಸಿಗೆ ಹೋಗಿದ್ದಾರೆ. ಮತ್ತೆ ಕೇಳಿದರೂ ನಾನು ಬೇಡ ಅಂತಲೇ ಹೇಳ್ತೀನಿ, ಯಾಕಂದ್ರೆ ಅರ್ಜಿಗೆ ಸಹಿ ಹಾಕಿದ ಮೇಲೆ ಹೆಚ್ಚುಕಮ್ಮಿ ಆದರೆ ನಷ್ಟದ ಹೊಣೆ ನಮ್ಮದೇ. ಆದರೂ ಅಂಥ ನೆರೆ ನನಗೆ ಈ ಊರಲ್ಲಿ ಆಮೇಲೆ ಸಿಗಲಿಲ್ಲ.

ಹಾಗಾಗಿ ನೀವು ಪರ್ಮಿಟ್ ಬಂದ ದಿನವೇ ಎಲ್ಲರ ಕಿವಿಗೂ ಹಾಕಿಬಿಡಿ, ಲೈಸೆನ್ಸ್ ಬಂದ ಮೇಲೂ ಒಂದು ವರ್ಷ ಇವಳು ಯಾರನ್ನೂ ಕೂರಿಸಿಕೊಳ್ಳಲ್ಲ ಅಂತ. ತಮ್ಮನನ್ನ ಸ್ಕೂಲಿಗೆ ಬಿಡಲು ಬೇರೆ ದಾರಿಯೇ ಇಲ್ಲದಿದ್ದರೆ ನಿಮ್ಮ ಸಹಿಯ ಚೀಟಿ ಅವಳ ಹತ್ತಿರ ಇರಲಿ, ಅದಕ್ಕೆ ವಿನಾಯಿತಿ ಇದೆ.

ಇನ್ಶೂರೆನ್ಸ್ ಏರುತ್ತೆ, ಎದೆ ಗಟ್ಟಿ ಮಾಡ್ಕೊಳ್ಳಿ. ಒಳ್ಳೆ ಮಾರ್ಕ್ಸಿಗೆ ರಿಯಾಯಿತಿ ಉಂಟು, ಕೇಳಿ. 18ರವರೆಗೆ ಬ್ಲೂಟೂತಲ್ಲೂ ಫೋನ್ ಮಾತಾಡೋ ಹಾಗಿಲ್ಲ. ಯಾವ ಕಾರು ಅಂದ್ರೆ, ಹಳೇದು ಸಾಕು.

ಹಿಂದೆ ಪೊಲೀಸ್ ದೀಪ ಕಂಡರೆ ಬಲಕ್ಕೆ ನಿಲ್ಲಿಸಿ, ಕೈ ಎರಡೂ ಸ್ಟಿಯರಿಂಗ್ ಮೇಲಿಟ್ಟು ಕೂತಲ್ಲೇ ಕೂರಬೇಕು. ಇಳಿದು “ಸಾರ್” ಅಂತ ಓಡಿ ಹೋಗಬಾರದು. ಇದನ್ನ ಮಗಳಿಗಿಂತ ಮೊದಲು ನಿಮ್ಮ ಯಜಮಾನರಿಗೆ ಹೇಳಿ.