ಕಾಸರಗೋಡಿನಲ್ಲಿ ಊರಿನ ಗುತ್ತಿಗೆದಾರ ಅಂದರೆ ಯಾರು?

ನಗರಸಭೆಯ ಕೆಲಸಗಳಲ್ಲಿ ಊರಿನವರಿಗೇ ಮೊದಲ ಅವಕಾಶ ಕೊಡುವ ನಿಯಮ ಕಾಸರಗೋಡಿನಲ್ಲಿ ಇದೆಯೇ ಎಂದು ಕೇಳಿದ್ದೀರಿ. ಅಂಥ ನಿಯಮ ಇಲ್ಲ. ವಿಳಾಸ ಇಲ್ಲಿಯದು ಎಂಬ ಒಂದೇ ಕಾರಣಕ್ಕೆ ಯಾರಿಗೂ ಟೆಂಡರ್ ಸಿಗುವುದಿಲ್ಲ. ಆದರೆ ಬೇರೆ ಹೆಸರುಗಳಲ್ಲಿ ಆದ್ಯತೆ ಇದೆ. ಅದು ನಿಜಕ್ಕೂ ಯಾರ ಕೈ ಸೇರುತ್ತದೆ ಎಂಬುದನ್ನು ನೋಡಬೇಕು.

ಮೊದಲನೆಯದು ಲೇಬರ್ ಸೊಸೈಟಿ, ಅಂದರೆ ಕಾರ್ಮಿಕರ ಗುತ್ತಿಗೆ ಸಹಕಾರ ಸಂಘ. ಕೇರಳದಲ್ಲಿ ಇವಕ್ಕೆ ಶೇ 10ರ ದರ ಆದ್ಯತೆ ಇದೆ. ಒಂದು ಚರಂಡಿ ಕೆಲಸಕ್ಕೆ ಖಾಸಗಿ ಗುತ್ತಿಗೆದಾರರ ಪೈಕಿ ಅತಿ ಕಡಿಮೆ ದರ 18 ಲಕ್ಷ ರೂಪಾಯಿ ಎಂದುಕೊಳ್ಳಿ. ಅದಕ್ಕೆ ಶೇ 10 ಸೇರಿಸಿದರೆ 19.8 ಲಕ್ಷ. ಸೊಸೈಟಿ 19.6 ಲಕ್ಷ ಬರೆದಿದ್ದರೂ ಕೆಲಸ ಅದಕ್ಕೇ ಹೋಗಬಹುದು. ಆದರೆ ಈ ಸೊಸೈಟಿ ಕಾಸರಗೋಡಿನದೇ ಆಗಿರಬೇಕೆಂದಿಲ್ಲ. ಇಂಥ ಸಂಘಗಳಲ್ಲಿ ಹೆಸರುವಾಸಿಯಾದ ಉರಾಳುಂಗಲ್ ಸೊಸೈಟಿ 1925ರಲ್ಲಿ ವಡಗರದ ಬಳಿ ಹುಟ್ಟಿದ್ದು, ಇಲ್ಲಿಂದ ನೂರು ಕಿ.ಮೀ.ಗೂ ಆಚೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಷಟ್ಪಥ ಹೆದ್ದಾರಿಯ ಕೆಲಸ ವಹಿಸಿಕೊಂಡದ್ದೂ ಅದೇ. ಅದು ಹೆದ್ದಾರಿ ಪ್ರಾಧಿಕಾರದ ಗುತ್ತಿಗೆ, ನಗರಸಭೆಯದ್ದಲ್ಲ. ಒಂದು ಕಾರ್ಮಿಕ ಸಂಘ ಎಷ್ಟು ದೊಡ್ಡದಾಗಿ ಬೆಳೆಯಬಹುದು ಎಂಬುದಕ್ಕೆ ಹೇಳಿದೆ. ಕಾಗದದಲ್ಲಿ ‘ನಮ್ಮವರು’ ಎಂದರೆ ಕೇರಳದವರು. ಬರೀ 50 ಕಿ.ಮೀ. ದೂರದ ಮಂಗಳೂರಿನವರು ಹೊರಗಿನವರು. ಕುಂಬಳೆಯ ಕಲ್ಲು ಕಟ್ಟುವ ಮೇಸ್ತ್ರಿಗೆ ಈ ಶೇ 10ರಿಂದ ನೇರ ಪ್ರಯೋಜನವಿಲ್ಲ, ಅವರು ಸೊಸೈಟಿಯ ಸದಸ್ಯರಾಗದ ಹೊರತು.

ಊರಿನ ಮಟ್ಟಕ್ಕೇ ನಿಯಮ ಮಾಡಬಾರದೇ ಎಂದು ನೀವು ಕೇಳಬಹುದು. ಕಾನೂನು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಶಾಲೆಗಳ ಕ್ರೀಡಾ ಕಿಟ್‌ ಟೆಂಡರಿಗೆ, ಹಿಂದೆ ತನ್ನ ಇಲಾಖೆಗಳಿಗೆ ಸಾಮಾನು ಪೂರೈಸಿದವರೇ ಬೇಕು ಎಂದು ಛತ್ತೀಸ್‌ಗಢ ಸರ್ಕಾರ ಷರತ್ತು ಹಾಕಿತ್ತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕೇಂದ್ರದ 2017ರ ಮೇಕ್ ಇನ್ ಇಂಡಿಯಾ ಖರೀದಿ ಆದೇಶದಲ್ಲೂ ‘ಸ್ಥಳೀಯ’ ಎಂದರೆ ದೇಶ, ಜಿಲ್ಲೆಯಲ್ಲ. ಕರ್ನಾಟಕದ ಕೆಟಿಪಿಪಿ ಕಾಯ್ದೆಯಲ್ಲಿ (ಸರ್ಕಾರಿ ಖರೀದಿಯ ಪಾರದರ್ಶಕತೆಯ ಕಾಯ್ದೆ) ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಕಾಮಗಾರಿ ಮೀಸಲಿದೆ. ಅದು ಸಾಮಾಜಿಕ ನ್ಯಾಯದ ಲೆಕ್ಕ, ಊರಿನ ಲೆಕ್ಕವಲ್ಲ.

ಹಾಗಾದರೆ ನಮ್ಮವರಿಗೆ ಕೆಲಸ ಸಿಗುವುದು ಹೇಗೆ? ಕೆಲಸದ ಗಾತ್ರದಿಂದ. ಇಲ್ಲಿ ಯೋಜನೆಯ ಹಣ ವಾರ್ಡುವಾರು ಹಂಚಿಹೋಗುತ್ತದೆ: ಒಂದು ಕಾಲುದಾರಿಗೆ ಕಾಂಕ್ರೀಟ್, ಒಂದು ತಡೆಗೋಡೆ, ಒಂದು ಅಂಗನವಾಡಿಯ ಮಾಡು. ಮೂರು-ನಾಲ್ಕು ಲಕ್ಷದ ಕೆಲಸಕ್ಕೆ ದೂರದ ಕಂಪೆನಿ ಮಿಕ್ಸರ್ ಹೊತ್ತು ಬರುವುದಿಲ್ಲ. ಮುರಕಲ್ಲು ಎಲ್ಲಿ ಸಿಗುತ್ತದೆ, ಯಾವ ಓಣಿಗೆ ಟಿಪ್ಪರ್ ಹೋಗುವುದಿಲ್ಲ, ಎಲ್ಲಿ ತಲೆಹೊರೆಯೇ ಗತಿ ಎಂಬುದೆಲ್ಲ ಊರಿನವರಿಗೆ ಗೊತ್ತು. ನನ್ನ ಮಟ್ಟಿಗೆ ನಿಜವಾದ ಆದ್ಯತೆ ಇದೇ. ಹತ್ತು ವಾರ್ಡುಗಳ ಕೆಲಸ ಸೇರಿಸಿ ಒಂದೇ ಟೆಂಡರ್ ಮಾಡಿದ ದಿನ ಅದು ಹೋಯಿತು. ಹಾಗೆಂದು ಟೆಂಡರ್ ತಪ್ಪಿಸಲು ಒಂದೇ ಕೆಲಸವನ್ನು ತುಂಡು ಮಾಡುವುದೂ ತಪ್ಪು, ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ.

ಫಲಾನುಭವಿ ಸಮಿತಿ ಇನ್ನೊಂದು ದಾರಿ. ಮಲಯಾಳದಲ್ಲಿ ಗುಣಭೋಕ್ತೃ ಸಮಿತಿ ಎನ್ನುತ್ತಾರೆ. ಆ ರಸ್ತೆ ಬಳಸುವವರೇ ಸಮಿತಿ ಮಾಡಿ, ಕನ್ವೀನರ್ ಕರಾರಿಗೆ ಸಹಿ ಹಾಕಿ ಕೆಲಸ ಮಾಡಿಸುವುದು. ಊರಿನ ಯೋಜನೆಯನ್ನು ಊರಿನವರೇ ಮಾಡಲಿ ಎಂದು ಕೇರಳ ಸರ್ಕಾರ ತಂದ 1996ರ ಜನಕೀಯ ಯೋಜನೆಯ ಕಾಲದಲ್ಲಿ ಇದಕ್ಕೆ ಬಲ ಬಂತು. ಕೆಟ್ಟದ್ದೂ ಬೇಗ: ಕನ್ವೀನರ್ ಹೆಸರಿಗೆ ಮಾತ್ರ, ಹಿಂದೆ ನಿಂತು ಮಾಡಿಸುವವ ಬೇರೊಬ್ಬ ಗುತ್ತಿಗೆದಾರ. ಕೆಲಸ ಕಳಪೆಯಾದರೆ ಹೊಣೆ ಮಾತ್ರ ಸಹಿ ಹಾಕಿದವರ ತಲೆಗೆ.

ಹರಿತ ಕರ್ಮಸೇನೆಯದ್ದು ಬೇರೆಯೇ ಮಾತು. ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಜಾಲ) ಹೆಂಗಸರು ತಮ್ಮ ವಾರ್ಡಿನಲ್ಲೇ ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸಿ, ಬೇರ್ಪಡಿಸಿ ಕಳುಹಿಸುತ್ತಾರೆ. ಮನೆಯವರು ತಿಂಗಳಿಗೆ ಬಳಕೆದಾರರ ಶುಲ್ಕ ಕೊಡುತ್ತಾರೆ. ಮನೆಯವರ ಜೊತೆ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಬಲ್ಲ ನೆರೆಮನೆಯ ಅಕ್ಕನಿಗೇ ಈ ಕೆಲಸ ಸಿಕ್ಕಿರುವುದು ನನಗೆ ಬಹಳ ಸರಿ ಎನಿಸುತ್ತದೆ.

ಈಗ ಸಣ್ಣ ಗುತ್ತಿಗೆದಾರರು ಎಲ್ಲಿ ಎಡವುತ್ತಾರೆ ನೋಡಿ. 5 ಲಕ್ಷ ದಾಟಿದ ಕೆಲಸಕ್ಕೆ ಇ-ಟೆಂಡರ್. ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್ ಬೇಕು. ದರ ತುಂಬುವ ಬಿಒಕ್ಯೂ (ಕೆಲಸದ ಬಾಬು, ಪ್ರಮಾಣಗಳ ಪಟ್ಟಿ) ಎಕ್ಸೆಲ್ ಕಡತದ ಹೆಸರು ಬದಲಿಸಿದರೆ ಪೋರ್ಟಲ್ ತೆಗೆದುಕೊಳ್ಳುವುದಿಲ್ಲ. ಠೇವಣಿಯನ್ನು ನೆಫ್ಟ್ ಚಲನ್‌ನಲ್ಲಿ ಕಟ್ಟುವುದಾದರೆ ಕೊನೆಯ ದಿನಕ್ಕೆ ಬಿಡಬೇಡಿ, ಹಣ ಜಮಾ ಆಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 200 ರೂಪಾಯಿ ಮುದ್ರಾಂಕ ಕಾಗದದ ಪ್ರಾಥಮಿಕ ಕರಾರು ಕೇಳಿದ್ದರೆ ಅದನ್ನು ಮರೆಯಬಾರದು.

ಅದಕ್ಕಿಂತ ದೊಡ್ಡ ತೊಂದರೆ ದರದ್ದು. ಅಂದಾಜುಪಟ್ಟಿ ದೆಹಲಿಯ ದರಪಟ್ಟಿಗೆ ಜಿಲ್ಲೆಯ ಕಾಸ್ಟ್ ಇಂಡೆಕ್ಸ್ (ಊರಿನ ಬೆಲೆಗೆ ಹೊಂದಿಸುವ ಸೂಚ್ಯಂಕ) ಸೇರಿಸಿ ತಯಾರಾಗುತ್ತದೆ. ಜಲ್ಲಿ, ಹೊಯ್ಗೆಯ ಇವತ್ತಿನ ಬೆಲೆ ಅದರಲ್ಲಿ ಇರುವುದಿಲ್ಲ. ಹಾಗಾಗಿ ಎಷ್ಟೋ ಕೆಲಸಗಳಿಗೆ ಯಾರೂ ಟೆಂಡರ್ ಹಾಕುವುದಿಲ್ಲ. ಮರುಟೆಂಡರ್ ಆಗುವಾಗ ಜೂನ್ ಬಂದು ಮಳೆ ಹಿಡಿಯುತ್ತದೆ, ಡಾಮರು ಹಾಕುವ ಹಾಗಿಲ್ಲ. ಎಲ್ಲ ಕೆಲಸವೂ ಜನವರಿಯಿಂದ ಮಾರ್ಚಿಗೆ ಒತ್ತಿಕೊಂಡು, ಬಿಲ್ಲುಗಳೆಲ್ಲ ಮಾರ್ಚ್ 31ರೊಳಗೆ ಟ್ರೆಜರಿಗೆ ನುಗ್ಗುತ್ತವೆ. ಸಾಲಿನಲ್ಲಿ ಹಿಂದೆ ಬಿದ್ದದ್ದು ಮುಂದಿನ ವರ್ಷಕ್ಕೆ. ಬಂದ ಹಣದಲ್ಲೂ ಕಡಿತ ಇದೆ: ವ್ಯಕ್ತಿ ಗುತ್ತಿಗೆದಾರರಾದರೆ 10 ಲಕ್ಷದ ಬಿಲ್ಲಿನಲ್ಲಿ ಆದಾಯ ತೆರಿಗೆ ಶೇ 1, ಜಿಎಸ್‌ಟಿ ಟಿಡಿಎಸ್ ಶೇ 2, ಕಾರ್ಮಿಕ ಕಲ್ಯಾಣ ಸೆಸ್ ಶೇ 1, ಒಟ್ಟು 40,000 ರೂಪಾಯಿ. ಆರು ತಿಂಗಳು ಕಾಯುವ ಬಂಡವಾಳ ಇಲ್ಲದವರಿಗೆ ಶೇ 10ರ ಆದ್ಯತೆಗಿಂತ ಸಮಯಕ್ಕೆ ಸಿಗುವ ಬಿಲ್ಲೇ ಹೆಚ್ಚಿನ ಉಪಕಾರ.

ಕೊನೆಯದು ಭಾಷೆ. ಟೆಂಡರ್ ಕಾಗದ ಇಂಗ್ಲಿಷಿನಲ್ಲಿ, ಕಚೇರಿಯ ಮಾತು ಮಲಯಾಳದಲ್ಲಿ. ಆದರೆ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೇ ಬಂದಿದೆ. ಬಿಲ್ಲು ಎಲ್ಲಿ ನಿಂತಿದೆ, ಟೆಂಡರ್ ಯಾಕೆ ತಿರಸ್ಕಾರವಾಯಿತು ಎಂದು ಕೇಳುವ ಅರ್ಜಿಯನ್ನು ಕನ್ನಡದಲ್ಲೇ ಬರೆದು, ಉತ್ತರವೂ ಕನ್ನಡದಲ್ಲಿ ಬೇಕು ಎಂದು ಮೊದಲ ಸಾಲಿನಲ್ಲೇ ಹೇಳಿ, ಮೊಹರು ಬಿದ್ದ ರಶೀದಿ ತೆಗೆದುಕೊಂಡೇ ಕಚೇರಿಯಿಂದ ಹೊರಡಬೇಕು.