ತಗ್ಗಿಸಿದ ಗಾಡಿಗೆ ಯಾವ ಶಾಕ್ ಹಾಕಿಸಲಿ?

ಪ್ರಶ್ನೆ: ನನ್ನ ಕ್ರೆಟಾಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ 40 ಮಿ.ಮೀ. ಇಳಿಸಿದ್ದೇನೆ. ಶಾಕ್ (ಶಾಕ್ ಅಬ್ಸಾರ್ಬರ್) ಮಾತ್ರ ಕಂಪನಿಯಿಂದ ಬಂದದ್ದೇ ಇದೆ. ನೋಡಲು ಗಾಡಿ ಸೂಪರ್. ಆದರೆ ಹಂಪ್ ಬಂದರೆ ಮುಂದೆ ದಢ್ ಅಂತ ಹೊಡೆಯುತ್ತದೆ, ಹೈವೇಯಲ್ಲಿ ಕುಣಿಯುತ್ತದೆ. ಗಟ್ಟಿ ಶಾಕ್ ಹಾಕಿಸಿ ಅಂತಾರೆ ಗ್ಯಾರೇಜಿನವರು. ಯಾವ ಬ್ರಾಂಡ್ ಒಳ್ಳೆಯದು?
— ಓದುಗರು, ಹಾಸನ

ಉತ್ತರ: ಬ್ರಾಂಡ್ ಆಮೇಲೆ ನೋಡೋಣ, ಮೊದಲು ಉದ್ದ ನೋಡಿ. ನಿಮ್ಮ ಗಾಡಿಯಲ್ಲಿ ದಢ್ ಅನ್ನುತ್ತಿರುವುದು ಶಾಕ್ ಮೆತ್ತಗಿದೆ ಅಂತಲ್ಲ, ಅದಕ್ಕೆ ಒಳಗೆ ಹೋಗಲು ಜಾಗ ಇಲ್ಲ ಅಂತ. ಒಂದು ಲೆಕ್ಕ ಹಾಕಿ ನೋಡಿ. ಗಾಡಿ ಸುಮ್ನೆ ನಿಂತಾಗ ಶಾಕ್ ಇನ್ನೂ 110 ಮಿ.ಮೀ. ಒಳಗೆ ಹೋಗಬಲ್ಲದು ಅಂದುಕೊಳ್ಳಿ. 40 ಇಳಿಸಿದಿರಿ, ಉಳಿದದ್ದು 70. ಅದರಲ್ಲಿ ಬಂಪ್ ಸ್ಟಾಪ್, ಅಂದರೆ ಶಾಕ್ ತಳ ಹೊಡೆಯದಂತೆ ತಡೆಯುವ ರಬ್ಬರ್ ತುಂಡು, 50 ತಿಂದರೆ ನಿಜವಾಗಿ ಕೈಗೆ ಸಿಗುವುದು 20 ಮಿ.ಮೀ. ಅಷ್ಟೇ! ಇದು ಉದಾಹರಣೆಗೆ ಹೇಳಿದ ಲೆಕ್ಕ, ನಿಮ್ಮ ಗಾಡಿಯ ಅಳತೆ ನೀವೇ ತೆಗೆಯಬೇಕು. ಆದರೆ ಅಷ್ಟೇ ಉದ್ದದ ಗಟ್ಟಿ ಶಾಕ್ ಹಾಕಿದರೂ ಜಾಗ ಅಷ್ಟೇ ಇರುತ್ತದೆ, ಅಲ್ವಾ? ದುಡ್ಡೂ ಹೋಯಿತು, ಸೊಂಟವೂ ಹೋಯಿತು.

ನಿಮಗೆ ಬೇಕಾದದ್ದು ತಗ್ಗಿಸಿದ ಗಾಡಿಗೆಂದೇ ಮಾಡಿದ ಗಿಡ್ಡ ಶಾಕ್. ಬಿಲ್‌ಸ್ಟೈನ್ ಕಂಪನಿಯದ್ದನ್ನೇ ತೆಗೆದುಕೊಂಡರೆ, ಬಿ6 ಅನ್ನುವುದು ಕಂಪನಿ ಎತ್ತರದ ಗಾಡಿಗೆ, ಬಿ8 ಅನ್ನುವುದು ಇಳಿಸಿದ ಗಾಡಿಗೆ. ಎರಡೂ ಒಂದೇ ಥರ ಕಾಣುತ್ತವೆ, ಅಂಗಡಿಯವರು 'ಎರಡೂ ಸ್ಪೋರ್ಟ್ಸೇ ಸಾರ್' ಅಂದುಬಿಡುತ್ತಾರೆ. ನಂಬಬೇಡಿ. ಪಾರ್ಟ್ ನಂಬರ್ ಕೇಳಿ, ಅದು ನಿಮ್ಮದೇ ಮಾಡೆಲ್‌ಗೆ, ಎಷ್ಟು ಮಿ.ಮೀ. ಇಳಿಸಿದ ಗಾಡಿಗೆ ಅಂತ ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ.

ಇನ್ನು ಕುಣಿತದ ವಿಷಯ. ಲೋವರಿಂಗ್ ಸ್ಪ್ರಿಂಗ್ ಸಾಮಾನ್ಯವಾಗಿ ಕಂಪನಿ ಸ್ಪ್ರಿಂಗ್‌ಗಿಂತ ಗಟ್ಟಿ. ಒತ್ತಿದ ಮೇಲೆ ಅದು ಜೋರಾಗಿ ವಾಪಸ್ ಚಿಮ್ಮುತ್ತದೆ, ಅದನ್ನು ಹಿಡಿಯುವುದು ಶಾಕ್‌ನ ರೀಬೌಂಡ್, ಅಂದರೆ ಚಾಚಿಕೊಳ್ಳುವಾಗ ಅದು ಒಡ್ಡುವ ತಡೆ. ಹಳೆ ಶಾಕ್‌ನ ರೀಬೌಂಡ್ ಹಳೆ ಸ್ಪ್ರಿಂಗ್‌ಗೆ ಲೆಕ್ಕ ಹಾಕಿ ಮಾಡಿದ್ದು, ಹೊಸದನ್ನು ಹಿಡಿಯಲು ಅದಕ್ಕೆ ಆಗುತ್ತಿಲ್ಲ. ಕೋನಿ ಕಂಪನಿಯ ಹಳದಿ ಶಾಕ್‌ನಂಥದರಲ್ಲಿ ರೀಬೌಂಡ್ ಅಡ್ಜಸ್ಟ್ ಮಾಡಬಹುದು. ಹಾಗಂತ ತೀರಾ ಬಿಗಿ ಮಾಡಬೇಡಿ. ಸಾಲಾಗಿ ಗುಂಡಿ ಬಂದಾಗ ಚಕ್ರ ಪೂರ್ತಿ ಕೆಳಗೆ ಬರುವ ಮೊದಲೇ ಮುಂದಿನ ಏಟು ಬೀಳುತ್ತದೆ, ಗಾಡಿ ಏಟಿಗೊಂದಿಷ್ಟು ಕೂರುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ಮೇಲೇ ಓಡುತ್ತದೆ.

ಕ್ರೆಟಾದ ಮುಂದೆ ಇರುವುದು ಬರೀ ಶಾಕ್ ಅಲ್ಲ, ಸ್ಟ್ರಟ್. ಸ್ಪ್ರಿಂಗ್ ಕೂರುವುದೂ ಅದರ ಮೇಲೇ, ಚಕ್ರದ ನಕಲ್ (ಚಕ್ರ ಕೂರುವ ಲೋಹದ ಭಾಗ) ಬೋಲ್ಟ್ ಆಗಿರುವುದೂ ಅದಕ್ಕೇ, ಸ್ಟೀರಿಂಗ್ ತಿರುಗಿಸಿದರೆ ಅದೂ ತಿರುಗುತ್ತದೆ. ಅದಕ್ಕೇ ಅಗ್ಗದ ಸ್ಟ್ರಟ್ ಬೇಡ ಅನ್ನುತ್ತೇನೆ. ಬದಲಿಸುವಾಗ ಎರಡೂ ಕಡೆ ಒಟ್ಟಿಗೆ ಬದಲಿಸಿ, ಮೇಲಿನ ಮೌಂಟ್, ಬೇರಿಂಗ್ ಹೊಸದು ಹಾಕಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಅಲ್ಲಿ ಕೆಲಸ ಸಲೀಸು.

ಬಂಪ್ ಸ್ಟಾಪ್ ತೆಗೆದು ಬಿಸಾಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆಮೇಲೆ ಲೋಹಕ್ಕೆ ಲೋಹ ಹೊಡೆದು ಶಾಕ್ ಒಳಗಿನಿಂದಲೇ ಒಡೆಯುತ್ತದೆ. ಸ್ಪ್ರಿಂಗ್ ಜೊತೆ ಬಂದ ಕಾಗದದಲ್ಲಿ ಎಷ್ಟು ಕತ್ತರಿಸಬೇಕು ಎಂದಿದ್ದರೆ ಅಷ್ಟೇ ಕತ್ತರಿಸಿ.

ನನ್ನ ಅಭಿಪ್ರಾಯ ಕೇಳಿದರೆ, ನಮ್ಮ ರಸ್ತೆಗೆ 40 ಜಾಸ್ತಿ ಆಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾರ್ಗಸೂಚಿ ಹಂಪ್‌ಗೆ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಹೇಳಿತ್ತು. ನಮ್ಮೂರುಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಆ ಅಳತೆ ಎಲ್ಲಿದೆ? 25ಕ್ಕೆ ನಿಲ್ಲಿಸಿದ್ದರೆ ಶಾಕ್ ಹುಡುಕುವುದೂ ಸುಲಭವಾಗುತ್ತಿತ್ತು.

ಪ್ರಶ್ನೆ: ದುಡ್ಡು ಉಳಿಸಲು ಸ್ಪ್ರಿಂಗ್ ಕಟ್ ಮಾಡಿಸಿದರೆ ಆಗಲ್ವಾ?
— ಓದುಗರು, ಗದಗ

ಉತ್ತರ: ಬೇಡ. ಕಟ್ ಮಾಡಿದ ಗಾಡಿಯನ್ನು ಜಾಕ್ ಮೇಲೆ ಎತ್ತಿ ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಉದ್ದದ ಶಾಕ್ ಪೂರ್ತಿ ಚಾಚಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಸೀಟಿನಲ್ಲಿ ಕೂರದೆ ಸಡಿಲವಾಗಿ ಆಡುತ್ತದೆ. ಓಡುವಾಗ ಗುಂಡಿಯಲ್ಲಿ ಚಕ್ರ ಇಳಿದರೂ ಅದೇ ಕಥೆ.

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ 2010ರ ಸಿಲ್ವರಾಡೊ 1500 ಪಿಕಪ್ ಟ್ರಕ್ ಕೊಂಡೆ, ಮುಂದೆ 2 ಇಂಚು, ಹಿಂದೆ 4 ಇಂಚು ಇಳಿಸಿದ್ದಾರೆ. ಬಿಲ್‌ಸ್ಟೈನ್ 5100 ಹಾಕು ಅಂತಾರೆ ಸ್ನೇಹಿತರು.
— ಓದುಗರು, ಆಸ್ಟಿನ್

ಉತ್ತರ: 5100 ಒಳ್ಳೆಯ ಶಾಕ್, ಆದರೆ ಅದು ಕಂಪನಿ ಎತ್ತರದ ಮತ್ತು ಎತ್ತರಿಸಿದ ಟ್ರಕ್‌ಗಳಿಗೆ. ನಿಮ್ಮದಕ್ಕೆ ಉದ್ದವಾಗುತ್ತದೆ. ಅಲ್ಲಿ ಬೆಲ್‌ಟೆಕ್‌ನಂಥ ಕಂಪನಿಗಳು ಎಷ್ಟು ಇಂಚು ಇಳಿಸಿದ್ದೀರಿ ಅನ್ನುವುದನ್ನು ನೋಡಿಯೇ ಶಾಕ್ ಕೊಡುತ್ತವೆ, ಆ ದಾರಿ ಹಿಡಿಯಿರಿ. ಮುಂದಿನ 2 ಇಂಚಿಗಿಂತ ಹಿಂದಿನ 4 ಇಂಚಿನ ಬಗ್ಗೆ ನನಗೆ ಚಿಂತೆ. ಲೀಫ್ ಸ್ಪ್ರಿಂಗ್ ಇರುವ ಕಡೆ ಆಕ್ಸಲ್ ಈಗಾಗಲೇ ಫ್ರೇಮ್ ಹತ್ತಿರ ಬಂದಿದೆ. ಟ್ರಕ್‌ನ ಹಿಂದಿನ ಸಾಮಾನು ಡಬ್ಬಿಯಲ್ಲಿ ನೀವು ಸಾಮಾನ್ಯವಾಗಿ ಹೇರುವಷ್ಟು ಭಾರ ಹೇರಿ, ಆಕ್ಸಲ್ ಮತ್ತು ಬಂಪ್ ಸ್ಟಾಪ್ ನಡುವೆ ಎಷ್ಟು ಜಾಗ ಉಳಿಯಿತು ಅಳೆಯಿರಿ. ಹಾಗೇ ಶಾಕ್‌ನ ಮೇಲಿನ ಕಣ್ಣಿಂದ (ಬೋಲ್ಟ್ ಹೋಗುವ ತೂತು) ಕೆಳಗಿನ ಕಣ್ಣಿಗೆ ಎಷ್ಟಿದೆ ಅಂತ ಖಾಲಿ ಇದ್ದಾಗ ಒಮ್ಮೆ, ಭಾರ ಇದ್ದಾಗ ಒಮ್ಮೆ ಬರೆದಿಟ್ಟುಕೊಳ್ಳಿ. ಹೊಸ ಶಾಕ್ ಪೂರ್ತಿ ಮುಚ್ಚಿದಾಗಿನ ಉದ್ದ, ಭಾರ ಇದ್ದಾಗಿನ ಅಳತೆಗಿಂತ ಸಾಕಷ್ಟು ಕಡಿಮೆ ಇರಬೇಕು. ಜಾಗ ತೀರಾ ಕಡಿಮೆ ಬಂದರೆ ಶಾಕ್ ತರಿಸುವ ಮೊದಲು ಫ್ರೇಮ್‌ಗೆ ಸಿ-ನಾಚ್ (ಆಕ್ಸಲ್‌ಗೆ ಜಾಗವಾಗುವಂತೆ ಫ್ರೇಮನ್ನು ಸಿ ಆಕಾರದಲ್ಲಿ ಕತ್ತರಿಸಿ ಬಲಪಡಿಸುವುದು) ಮಾಡಿಸಬೇಕಾಗುತ್ತದೆ, ಅದನ್ನು ಫ್ರೇಮ್ ಕೆಲಸ ಗೊತ್ತಿರುವ ಅಂಗಡಿಯಲ್ಲೇ ಮಾಡಿಸಿ.