ಎನಾಮಲ್ ಸವೆಯದಂತೆ ಟೂತ್‌ಪೇಸ್ಟ್ ಆರಿಸುವುದು ಹೇಗೆ?

ಜಾಹೀರಾತಿನ ಮಾತನ್ನು ಬದಿಗಿಟ್ಟು, ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವ ಘಟಕಗಳ ಪಟ್ಟಿಯನ್ನು ಓದಬೇಕು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜವೇ ಆಗಿದ್ದು, ಅದರಲ್ಲಿ ಜೀವಕೋಶಗಳಿಲ್ಲದ ಕಾರಣ ಸವೆದುಹೋದ ಪದರ ಮತ್ತೆ ಬೆಳೆಯುವುದಿಲ್ಲ. ಆದರೆ ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನಿಂದ ಕರಗಿಹೋಗುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಜೊಲ್ಲಿನ ಮೂಲಕ ಮರಳಿ ಸೇರಿಕೊಳ್ಳಲು ಫ್ಲೋರೈಡ್ ನೆರವಾಗುತ್ತದೆ. ಹಾಗೆ ಗಟ್ಟಿಯಾದ ಮೇಲ್ಮೈ ಆಮ್ಲವನ್ನು ಮೊದಲಿಗಿಂತ ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ವಯಸ್ಕರು 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ) ಫ್ಲೋರೈಡ್ ಇರುವುದನ್ನೇ ಆರಿಸಬೇಕು. ಉಳಿದ ಗುಣಗಳೆಲ್ಲ ಇದರ ನಂತರದವು.

ಕೊಳೆ ತೆಗೆಯಲು ಬೆರೆಸುವ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಕಣಗಳ ಒರಟುತನವನ್ನು ಆರ್‌ಡಿಎ ಎಂಬ ಅಂಕದಿಂದ ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದರ ಮಿತಿ 250. ಈ ಅಂಕ ಎನಾಮಲ್‌ನ ಒಳಗಿರುವ ಪದರವಾದ ಡೆಂಟಿನ್‌ನ ಸವೆತವನ್ನು ಹೇಳುತ್ತದೆಯೇ ಹೊರತು ಎನಾಮಲ್‌ನದ್ದನ್ನಲ್ಲ, ಮೇಲಾಗಿ ಟ್ಯೂಬಿನ ಮೇಲೆ ಇದು ಸಾಮಾನ್ಯವಾಗಿ ಕಾಣಸಿಗುವುದೂ ಇಲ್ಲ. ಬಿಳುಪಿನ ಭರವಸೆ ನೀಡುವ ಇದ್ದಿಲಿನ ಪೇಸ್ಟ್‌ಗಳು ಮೇಲಿನ ಕಲೆಯನ್ನು ಉಜ್ಜಿ ತೆಗೆಯುತ್ತವೆಯಷ್ಟೇ. ದಿನನಿತ್ಯದ ಬಳಕೆಗೆ ನಾನು ಅವುಗಳನ್ನು ಸೂಚಿಸಲಾರೆ.

ಹಲ್ಲು ಜುಮ್ಮೆನ್ನುವವರಿಗಾಗಿ ಸೇರಿಸುವ ಪೊಟ್ಯಾಸಿಯಂ ನೈಟ್ರೇಟ್ ನರದ ಸಂವೇದನೆಯನ್ನು ತಗ್ಗಿಸುತ್ತದೆ, ಎನಾಮಲ್ಲನ್ನು ಸರಿಪಡಿಸುವುದಿಲ್ಲ. ಸ್ಟ್ಯಾನಸ್ ಫ್ಲೋರೈಡ್ ಈ ಎರಡೂ ದಿಕ್ಕಿನಲ್ಲಿ ಉಪಯುಕ್ತ. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್‌ಗೂ ಎನಾಮಲ್‌ನ ರಕ್ಷಣೆಗೂ ಸಂಬಂಧವಿಲ್ಲವಾದರೂ, ಪದೇ ಪದೇ ಬಾಯಿಹುಣ್ಣಾಗುವವರು ಅದಿಲ್ಲದ ಪೇಸ್ಟನ್ನು ಬಳಸಿ ನೋಡಬಹುದು.